ಟೈಲರಮ್ಮನ ಮೇಲಿನ ಮನೆ

ಮಾರ್ಚ್ 3, ಬೆಳಗಿನ ಜಾವ 4.20

ನೀರಿನ ಮೋಟರ್. ನಮ್ಮ ದಿಂಬಿನ ಹಿಂದಿನ ಗೋಡೆಗೇ ಅಂಟಿಸಿಟ್ಟಿದ್ದಾರೆ ಓನರ್. ಮೊದಲು ಒಂದು ಕೆಮ್ಮು, ಆಮೇಲೆ ಗುಡುಗು. ಗೂಬೆಮರಿ ಎದ್ದಳು. ಈಗಷ್ಟೇ ಮಲಗಿದ್ದಳು, ನಾನೂ... ಇವಳು ಹುಟ್ಟಿದಾಗಿನಿಂದ ನಿದ್ದೆ ಅನ್ನುವುದು ನಮ್ಮ ಮನೆಗೆ ನೆಂಟರ ಹಾಗೆ ಬರುತ್ತದೆ, ಕೂರುವ ಮೊದಲೇ ಹೊರಡುತ್ತದೆ.

ಇವರು ಕಂಟ್ರೋಲ್ ರೂಮಿನಲ್ಲಿ. ಊರಿಗೆಲ್ಲ ಕರೆಂಟು ಕಾಯುವ ಕೆಲಸ. ಮದುವೆಯಾದಾಗಿನಿಂದ ನೈಟ್ ಶಿಫ್ಟೇ. ಹಗಲಿಗೆ ಬಂದರೆ ರಾತ್ರಿ ಪಾಳಿಯ ಭತ್ಯೆ ಹೋಗುತ್ತದೆ. ಆ ತೂತು ಮುಚ್ಚಲು ಒಂದು ಸಣ್ಣ ಮನೆ ಕೊಂಡು ಬಾಡಿಗೆಗೆ ಬಿಡಬೇಕು. ಇದು ನಮ್ಮ ಪ್ಲಾನ್. ಪ್ಲಾನಿಗೇ ಈಗ ತಲೆ ನರೆತಿದೆ. ಯಾವಾಗ ಅಂತ ಕೇಳಿದರೆ ಇವರದು ಒಂದೇ ಮಾತು: "ನೋಡೋಣ." ಬಡ್ಡಿ ಇಳೀಲಿ, ನೋಡೋಣ. ರೇಟು ಬೀಳ್ಲಿ, ನೋಡೋಣ.

ಅತ್ತೆ ಎದ್ದು ಬಂದು ಮಗುವನ್ನು ಕಸಿದುಕೊಂಡರು.

"ಕೊಡಿಲ್ಲಿ. ಆ ಡೈರೀಲಿ ಗೀಚೋ ಬದ್ಲು ಸ್ವಲ್ಪ ಬೆನ್ನು ಚಾಚು."

ಪುಣ್ಯಾತ್ಗಿತ್ತಿ. ಚಾಚಿದ್ದೇನೆ. ಗೀಚುತ್ತಲೂ ಇದ್ದೇನೆ.

ಮಾರ್ಚ್ 5, ಮಧ್ಯಾಹ್ನ

ರವಿಕೆ ಹೊಲಿಸಲು ಹೋದವಳು ಮನೆಯ ಸುದ್ದಿ ಹೊತ್ತು ಬಂದೆ. ಟೈಲರಮ್ಮ ಅಂಗಡಿಯ ಮೇಲಿನ ಮನೆ ಮಾರುತ್ತಾರಂತೆ. ಒಂದು ರೂಮು, ಅಡುಗೆಮನೆ, ಹಿಂದೆ ಪುಟ್ಟ ಬಾಲ್ಕನಿ. ಅವರೀಗ ಅಂಗಡಿಯ ಹಿಂದಿನ ಕೋಣೆಯಲ್ಲೇ ಇರುವುದು. "ಮೆಟ್ಲು ಕಂಡ್ರೆ ಮಂಡಿ ಅಳುತ್ತಮ್ಮ."

ಬೆಲೆ ನಮ್ಮ ಕೈಗೆ ಎಟುಕುವಂಥದ್ದೇ. ಎಟುಕುತ್ತದೆ ಅಂದಕೂಡಲೇ ಹೆದರಿಕೆ. ಇರುವುದೆಲ್ಲ ಒಂದೇ ಗೋಡೆಗೆ ಸುರಿದು, ನಾಳೆ ಬಾಡಿಗೆಗೆ ಯಾರೂ ಬರದಿದ್ದರೆ?

ಬಾಗಿಲಲ್ಲಿ ನಿಂತು ಹಾಗೇ ಒಮ್ಮೆ ನೋಡಿಬಿಡುತ್ತೇನೆ ಅಂದೆ. ಟೈಲರಮ್ಮ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಕುತ್ತಿಗೆಯ ಟೇಪು ಸರಿಮಾಡಿಕೊಂಡರು.

"ಚಪ್ಲಿ ತಗೊಳ್ವಾಗ ನಾಲ್ಕ್ ಹೆಜ್ಜೆ ಹಾಕಿ ನೋಡ್ತೀರ. ಮನೆ ಮಾತ್ರ ಹೊಸ್ತಿಲಲ್ಲಿ ನಿಂತು ನೋಡೋದಾ? ಒಂದಿಡೀ ಮಧ್ಯಾಹ್ನ ಇರಿ. ಒಳಗಿಂದ ಬೋಲ್ಟ್ ಹಾಕ್ಕೋಬೇಡಿ ಅಷ್ಟೆ, ತುಕ್ಕು ಹಿಡಿದಿದೆ. ಇರದೇ ಇದ್ದೋರಿಗೆ ನಾನು ಮಾರಲ್ಲ."

ಬಟ್ಟೆಗೆ ಟ್ರಯಲ್ ಇರುವ ಹಾಗೆ ಮನೆಗೂ ಟ್ರಯಲ್!

ಮಾರ್ಚ್ 6, ರಾತ್ರಿ

ನಾಚಿಕೆ. ನಗು ಕೂಡ.

ಇವರು ಮೊಬೈಲಿಗೆ ಕಳಿಸಿದ್ದರು: ನಲ್ಲಿ ತಿರುಗಿಸು, ಗೋಡೆ ತಟ್ಟು, ಪಕ್ಕದ ಮನೆಯ ಸದ್ದು ಗಮನಿಸು. ಹೋದೆ. ನೆಲದ ಮೇಲೆ ಮಗುವಿನ ದುಪ್ಪಟಿ ಹಾಸಿದೆ. ಕೆಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಸಣ್ಣಗೆ ಬರುತ್ತಿತ್ತು. ಒಂದು ಹೊಲಿಗೆ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಗೂಬೆಮರಿ ಒಮ್ಮೆ ಕಿವಿಗೊಟ್ಟಳು. ಕಣ್ಣು ಮುಚ್ಚಿದಳು. ಒಂದು ನಿಮಿಷ ನಾನೂ ಪಕ್ಕದಲ್ಲಿ... ಅಂದುಕೊಂಡಿದ್ದಷ್ಟೇ ನೆನಪು.

ಎದ್ದಾಗ ಕಿಟಕಿಯಲ್ಲಿ ಸಂಜೆ. ನಲ್ಲಿ ತಿರುಗಿಸಿರಲಿಲ್ಲ, ಗೋಡೆ ತಟ್ಟಿರಲಿಲ್ಲ. ಪರೀಕ್ಷೆಗೆ ಹೋದವಳು ಹಾಲ್‌ನಲ್ಲೇ ಗೊರಕೆ! ನಮ್ಮಿಬ್ಬರ ಮೇಲೂ ಒಂದು ಹಳೆಯ ಶಾಲು ಹೊದಿಸಿತ್ತು. ಮೆಟ್ಟಿಲು ಕಂಡರೆ ಅಳುವ ಆ ಮಂಡಿಗಳು ನಮಗಾಗಿ ಹತ್ತಿ ಬಂದಿದ್ದವು. ಶಾಲು ಮಡಚಿ ಅವರ ಕೈಗೆ ಕೊಟ್ಟೆ.

"ನಿದ್ದೆ ಬಂತಲ್ಲ. ಇನ್ನೇನು ನೋಡ್ಬೇಕಿತ್ತು?" ಅಂದರು.

ಇವರಿಗೆ ಹೇಳಿದೆ. ಶರ್ಟಿನ ಗುಂಡಿ ಹಾಕುತ್ತ ನಕ್ಕರು.

"ನಾವು ಅಲ್ಲಿರೋದಿಲ್ಲ ಕಣೇ, ಬಾಡಿಗೆಗೆ ಕೊಡೋದು. ನಿನ್ನ ನಿದ್ದೆಗೆ ಯಾರು ಬಾಡಿಗೆ ಕೊಡ್ತಾರೆ? ಆ ರಸ್ತೆ ಅಗೆದಿಟ್ಟಿದ್ದಾರೆ. ಕೆಲಸ ಮುಗೀಲಿ, ನೋಡೋಣ."

ಅತ್ತೆ ಒಳಗಿನಿಂದಲೇ: "ಮನೆ ಕಟ್ಟಿ ನೋಡು ಅಂದ್ರು ಹಿರಿಯರು. ನೋಡ್ತಾನೇ ಕೂತಿರು ಅನ್ಲಿಲ್ಲ!"

ಇಬ್ಬರಲ್ಲಿ ಒಬ್ಬರು ಬೇಡ ಅಂದರೂ ಕೊಳ್ಳುವುದಿಲ್ಲ. ಇದು ನಾವೇ ಮಾಡಿಕೊಂಡ ಮಾತು. ಇವರೇನೂ ಬೇಡ ಅನ್ನಲಿಲ್ಲ. ಬೇಕು ಅಂತಲೂ ಅನ್ನಲಿಲ್ಲ.

ಮಾರ್ಚ್ 19

ಬರೆಯಲು ಆಗಲಿಲ್ಲ. ಮಗುವಿಗೆ ಜ್ವರ. ಹಲ್ಲು ಬರುತ್ತಿದೆ ಅಂದರು ಡಾಕ್ಟರು. ಶಿಫ್ಟ್ ಮುಗಿಸಿ ಬಂದ ಇವರು ಶೂ ಕೂಡ ಬಿಚ್ಚದೆ ಎತ್ತಿಕೊಂಡು ಓಡಾಡಿದರು. ಕೆಂಪು ಕಣ್ಣು, ತೂಕಡಿಕೆ. ಬಾಗಿಲಿನ ಚೌಕಟ್ಟಿಗೆ ಹಣೆ ಬಡಿದುಕೊಂಡು, ಮಗುವಿಗೆ ತಗುಲಿತೇ ಅಂತ ನೋಡಿದರು. ಜ್ವರ ಇಳಿದಿದೆ. ದೇವರು ದೊಡ್ಡವನು.

ಇವರ ಪ್ರಶ್ನೆಗೆ ಉತ್ತರ ಇವರ ಮುಖದಲ್ಲೇ ಇದೆ. ನಿದ್ದೆಗೆ ಬಾಡಿಗೆ ಯಾರು ಕೊಡುತ್ತಾರೆ? ಹಗಲು ಮಲಗಬೇಕಾದವರು ಕೊಡುತ್ತಾರೆ. ನೈಟ್ ಶಿಫ್ಟಿನವರು, ನರ್ಸುಗಳು. ಆಸ್ಪತ್ರೆ ಅದೇ ರಸ್ತೆಯ ಕೊನೆಗಿದೆ!

ಮಾರ್ಚ್ 21, ಸಂಜೆ

ಮತ್ತೆ ಹೋಗಿದ್ದೆ. ಈ ಸಲ ಕೂರಲೇ ಇಲ್ಲ. ನಿಂತೇ ನೋಡಿದೆ. ಬಾತ್‌ರೂಮಿನ ಮೂಲೆಯಲ್ಲಿ ತೇವ, ಅಂಗೈ ಅಗಲ. ಅಡುಗೆಮನೆಯ ನಲ್ಲಿಯಲ್ಲಿ ನೀರು ನೂಲಿನ ಹಾಗೆ. ಇವರಿಗೆ ಎಲ್ಲ ಹೇಳಿದೆ, ನರ್ಸುಗಳ ವಿಷಯವನ್ನೂ. ಇವರು "ತೇವ ರಿಪೇರಿ ಮಾಡಿಸ್ಬಹುದು" ಅಂದರು. ಆಮೇಲೆ? ಆಮೇಲೆ "ನೋಡೋಣ."

ಆದರೆ ಈ "ನೋಡೋಣ" ಸ್ವಲ್ಪ ಬೇರೆ ಥರ ಕೇಳಿಸಿತು. ಅಥವಾ ನನಗೇ ಭ್ರಮೆಯೋ...

ಮಾರ್ಚ್ 28, ರಾತ್ರಿ 10.40

ಟೈಲರಮ್ಮ ಫೋನ್ ಮಾಡಿದ್ದರು. ಬೇರೆ ಪಾರ್ಟಿಯೊಂದು ಮೊನ್ನೆ ಅಲ್ಲಿ ಇಡೀ ಮಧ್ಯಾಹ್ನ ಇದ್ದು ಹೋಗಿದೆ. ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೇ ಅಡ್ವಾನ್ಸ್ ತರುತ್ತಾರಂತೆ.

"ಮಗು ಮಲಗಿದ ಮನೆ. ಅದಕ್ಕೇ ನಿಮ್ಗೇ ಮೊದ್ಲು ಹೇಳ್ತಿದೀನಿ. ಅವರು ಬರೋದ್ರೊಳಗೆ ಒಂದ್ ಮಾತು ಹೇಳ್ಬಿಡಿ ತಾಯಿ. ಮತ್ತೆ... ನಿಮ್ಮೋರಿಗೂ ಹಿಡಿಸಿತ್ತಲ್ವಾ?"

"ಇವರಿಗಾ? ಇವರೆಲ್ಲಿ ನೋಡಿದ್ದಾರೆ?"

"ಅಯ್ಯೋ, ಹೇಳ್ಲಿಲ್ವಾ! ಸೋಮವಾರ ಡ್ಯೂಟಿ ಮುಗಿಸ್ಕೊಂಡು ಸೀದಾ ಬಂದಿದ್ರು. ತೇವ ನೋಡ್ಬೇಕು ಅಂದ್ರು. ಗೋಡೆಗೆ ಒರಗಿ ಕೂತೋರು... ಗೊರಕೆ ಕೆಳಗಡೆ ತನಕ! ಮಿಷನ್ ನಿಲ್ಸಿ ಕೇಳಿದೆ. ಅವರಿಗೂ ಅದೇ ಶಾಲು."

ಸೋಮವಾರ. ತಡವಾಗಿ ಬಂದು, ಬಸ್ಸು ಕೆಟ್ಟಿತ್ತು ಅಂದಿದ್ದರು. ಅಂದು ಮುಖ ಮಾತ್ರ ಎಷ್ಟೋ ದಿನದ ಮೇಲೆ ಅರಳಿತ್ತು.

ರಾತ್ರಿ 11.15

ಕಂಟ್ರೋಲ್ ರೂಮಿಗೆ ಫೋನ್ ಒಯ್ಯುವ ಹಾಗಿಲ್ಲ. ಟೀ ಹೊತ್ತಿಗೆ ಮಾತ್ರ ಲಾಕರ್ ತೆಗೆಯುವುದು. ಇಷ್ಟು ದಿನ ಯಾರಿಗೂ ಅಲ್ಲದೆ ಬರೆದೆ. ಈ ಪುಟ ನಿಮಗೆ ರೀ. ಫೋಟೋ ತೆಗೆದು ಕಳಿಸುತ್ತೇನೆ.

ಬಸ್ಸು ಕೆಟ್ಟ ಕಥೆಗೆ ಕೋಪ ಇಲ್ಲ. ನಗು ಬಂತು, ಆಮೇಲೆ ಅಳು ಬಂತು, ಅತ್ತೆ ಬಂದು ಬೈದು ಹೋದರು. ಇಷ್ಟು ವರ್ಷ ನಮಗಾಗಿ ರಾತ್ರಿಯೆಲ್ಲ ಎಚ್ಚರ ಇದ್ದೀರಿ. ಅದರ ಋಣ ಯಾವ ಜನ್ಮಕ್ಕೆ ತೀರಿಸಲಿ? ಅದಕ್ಕೇ ಕೇಳುತ್ತಿದ್ದೇನೆ. ನನಗೂ ಭಯವೇ. ಇಬ್ಬರ ಭಯವನ್ನೂ ಒಂದೇ ಮನೆಯಲ್ಲಿಟ್ಟು ಬೀಗ ಹಾಕೋಣ. ಬಡ್ಡಿ ಅದರ ಪಾಡಿಗೆ ಇರಲಿ, ರಸ್ತೆ ಅವರ ಪಾಡಿಗೆ ಅಗೆದುಕೊಳ್ಳಲಿ. ನೀವು ರಾತ್ರಿ ಮನೆಯಲ್ಲಿ ಮಲಗಬೇಕು, ಅಷ್ಟೇ.

ಬೆಳಗಾಗುವುದರೊಳಗೆ ಫೋನ್ ಮಾಡಿ. ಮಗು ಎದ್ದುಬಿಡುತ್ತದೆ ಅಂತ ಯೋಚಿಸಬೇಡಿ, ಹೇಗಿದ್ದರೂ ಮೋಟರ್ ಎಬ್ಬಿಸುತ್ತದೆ. ದಮ್ಮಯ್ಯ ರೀ, ಮಾಡಿ. ಬೇಡ ಅನ್ನುವುದಿದ್ದರೂ ಮಾಡಿ. "ನೋಡೋಣ" ಮಾತ್ರ ಅನ್ನಬೇಡಿ, ನೀವು ನೋಡಿ ಆಗಿದೆ. ಫೋನ್ ಎದೆಯ ಮೇಲೇ ಇಟ್ಟುಕೊಂಡಿರುತ್ತೇನೆ, ಒಂದೇ ಒಂದು ಸಲ ಹೂಂ ಅಂ—