ಕತ್ತೆಯ ಮಾತು ಬಿಟ್ಟುಹೋದ ಹಾಳೆ

ರೂವಾನ್, 1251. ಸಂತ ಮಾರ್ಟಿನರ ಹಬ್ಬದ ಮರುದಿನ, ಬೆಳಿಗ್ಗೆ

ನೆರೆದ ರಸಿಕರೇ, ಊರಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಸೇಬು ಕಡಿಯುತ್ತಿರುವ ತಾಯಂದಿರೇ! ಸದ್ದಡಗಲಿ, ಗೋಬೇರ್ ಬರುತ್ತಿದ್ದಾನೆ...

ಯಾರೂ ಇಲ್ಲ. ಗೋಬೇರನೆಂಬ ನಾನು, ಬಣ್ಣ ಕಲಸುವ ಚಿಪ್ಪುಗಳು, ಅಂಚು ಕತ್ತರಿಸಿ ಎಸೆದ ಈ ಚರ್ಮದ ಹಾಳೆಯ ಚೂರು. ಕೂಗಿ ಹೇಳುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಂಗಾರದ ರೇಕು ಬಿಚ್ಚಿರುವಾಗ ನಾನು ಬಾಯಿ ತೆರೆಯಕೂಡದೆಂದು ಯಜಮಾನಿ ಪೆರ್ನೆಲಮ್ಮನ ಕಟ್ಟಪ್ಪಣೆ. ಹೋದ ವರ್ಷ ನನ್ನ ಒಂದೇ ಒಂದು ‘ಆಹಾ’ಕ್ಕೆ ಮೂರು ರೇಕು ಕಿಟಕಿ ದಾಟಿ ನದಿಯ ಕಡೆ ಹಾರಿದವು.

ಪಾದ್ರಿ ಗಾರಿನರ ಬೈಬಲ್ ಅರ್ಧ ಮುಗಿದಿದೆ. ಪುಟದ ನಡುವೆ ದೇವರ ಮಾತು, ದೊಡ್ಡಕ್ಷರ. ಸುತ್ತ ಹಿರಿಯರ ವ್ಯಾಖ್ಯಾನ, ಇರುವೆ ಸಾಲು. ಮದುವೆ ಮನೆಯಲ್ಲಿ ಹುಡುಗಿಯನ್ನು ನೆಂಟರು ಸುತ್ತುವರಿದ ಹಾಗೆ. ಬರೆಯುವವನು ಆಂಗೆರಾನ್. ಬಣ್ಣ, ಬಂಗಾರ ನನ್ನದು. ನಲವತ್ತು ವರ್ಷದಿಂದ ಹೀಗೆಯೇ, ಒಂದೇ ಕಿಟಕಿ, ಎರಡು ಕೆಲಸದ ಮಣೆ.

ಆಂಗೆರಾನನ ಕೈ ನಡುಗುತ್ತಿದೆ. ಕಂಡೂ ಕಾಣದಂತೆ ಇದ್ದೇನೆ.

ನವೆಂಬರ್ 16

ಗಾರಿನರು ಎರಡು ಹಾಳೆ ಹಿಂದಕ್ಕೆ ಕಳಿಸಿದ್ದಾರೆ. ಕೆರೆದು ತಿದ್ದಿದ ಗುರುತು ಬೆಳಕಿಗೆ ಹಿಡಿದರೆ ಕಾಣುತ್ತದಂತೆ. ಪೆರ್ನೆಲಮ್ಮ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದಳು. ಇನ್ನೊಂದು ಹಾಳೆ ಕೆಟ್ಟರೆ ಆಂಗೆರಾನನ ಮಣೆಗೆ ಬೇರೆಯವನು. ಕಟುಕಿಯಲ್ಲ ಅವಳು, ಹೇಳಿ ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡಳು.

ಆ ಮಣೆ ಬಿಟ್ಟರೆ ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಬಲಗೈಯ ಮಧ್ಯದ ಬೆರಳಲ್ಲಿ ಲೇಖನಿಯ ಗಂಟು, ಅಷ್ಟೇ ಆಸ್ತಿ.

ನವೆಂಬರ್ 19, ಮಧ್ಯಾಹ್ನದ ಗಂಟೆಯ ಮೊದಲು

ಪ್ರವಾದಿ ಬಿಳಾಮನ ಕತೆಯ ಹಾಳೆ, ಹೊಡೆದ ಯಜಮಾನನನ್ನು ಅವನ ಕತ್ತೆಯೇ ಬಾಯಿಬಿಟ್ಟು ಕೇಳುವ ಭಾಗ. ಹಾಳೆಯ ಹಿಂಬದಿಗೆ ಬಂಗಾರ ಕೂರಿಸಿ, ನಾಯಿಹಲ್ಲಿನಿಂದ ಉಜ್ಜಿ ಹೊಳಪೇರಿಸಿ ಮುಗಿಸಿದ್ದೆ. ತಿರುಗಿಸಿ ಓದಿದೆ. ಅಂಚಿನಲ್ಲಿ ವ್ಯಾಖ್ಯಾನ ಕತ್ತೆಯ ಮಾತನ್ನು ಹೊಗಳುತ್ತಿದೆ. ನಡುವೆ ಕತ್ತೆಯ ಮಾತೇ ಇಲ್ಲ! ಬಿಳಾಮ ಮಾತ್ರ ‘ಎಂದೂ ಇಲ್ಲ’ ಎಂದು ಉತ್ತರ ಕೊಡುತ್ತಿದ್ದಾನೆ... ಯಾರಿಗೆ?

ಕಣ್ಣು ಒಂದು ಸಾಲಿನಿಂದ ಅಂಥದೇ ಇನ್ನೊಂದು ಸಾಲಿಗೆ ಜಿಗಿದಿದೆ. ಬರೆಯುವವರಿಗೆಲ್ಲ ಆಗುವುದೇ. ಕೆರೆದರೆ ಸೇರಿಸಲು ಜಾಗವಿಲ್ಲ. ಹಾಳೆಯನ್ನೇ ಬದಲಿಸಿದರೆ ಎಲ್ಲರಿಗೂ ತಿಳಿಯುತ್ತದೆ.

ಎಲ್ಲ ಬಿಟ್ಟು ಈ ಮಾತು! ಬೇರೆ ಯಾವುದಾದರೂ ರಾಜನ ವಂಶಾವಳಿ ಬಿಡಬಾರದಿತ್ತೇ ಇವನು.

ಅದೇ ದಿನ, ಸಂಜೆ

ಆಗ ನನಗೂ ಆಂಗೆರಾನನಿಗೂ ಹತ್ತು ವರ್ಷ. ಕ್ರಿಸ್ಮಸ್ಸಿನ ಪ್ರವಾದಿಗಳ ಆಟ, ದೊಡ್ಡ ಚರ್ಚಿನೊಳಗೆ. ಬಿಳಾಮನ ಕತ್ತೆಯಾಗಲು ಇಬ್ಬರು ಹುಡುಗರು ಬೇಕು. ಬೂದು ಕಂಬಳಿಯೊಳಗೆ ಮುಂದಿನ ಕಾಲು ನಾನು, ದೊಡ್ಡ ಗಂಟಲಿನವನೆಂದು. ಹಿಂದಿನ ಕಾಲು ಆಂಗೆರಾನ್. ಕಂಬಳಿಗೆ ಹಳೇ ಕುರಿಯ ವಾಸನೆ, ಒಳಗೆ ಕತ್ತಲೆ, ಹೊರಗೆ ಸಾವಿರ ಮೇಣದಬತ್ತಿ. ಕತ್ತಿ ಹಿಡಿದ ದೇವದೂತ ದಾರಿಗಡ್ಡ ನಿಂತದ್ದು ಕತ್ತೆಗೆ ಕಾಣುತ್ತದೆ, ಬಿಳಾಮನಿಗೆ ಕಾಣದು. ಹೊಡೆದ, ಮೂರು ಸಲ. ಈಗ ಕತ್ತೆ ಮಾತಾಡಬೇಕು.

ಮರೆತೆ. ಬಾಯಿ ತೆರೆದೇ ನಿಂತೆ. ಜನ ಕೆಮ್ಮಿದರು.

ಆಗ ಬೆನ್ನ ಹಿಂದಿನಿಂದ, ನನ್ನ ಸೊಂಟಕ್ಕೆ ಹಣೆಯೊತ್ತಿ, ಇರುವೆಯಷ್ಟು ಸಣ್ಣ ದನಿ: “ಇಷ್ಟು ವರ್ಷ ನಿನ್ನ ಹೊತ್ತೋಳು ನಾನಲ್ವಾ, ಎಂದಾದ್ರೂ ನಿಂಗೆ ಹೀಗೆ ಮಾಡಿದ್ನಾ...”

ಗರ್ಜಿಸಿದೆ. ಚರ್ಚಿನ ಪಾರಿವಾಳಗಳೆಲ್ಲ ಎದ್ದವು. ಇಂದಿಗೂ ಮೀನಿನ ಪೇಟೆಯಲ್ಲಿ ಮುದುಕರು ನನ್ನನ್ನು ‘ಕತ್ತೆ ಗೋಬೇರ್’ ಎಂದೇ ಕರೆಯುತ್ತಾರೆ. ಆಂಗೆರಾನನನ್ನು ಯಾರೂ ಏನೂ ಕರೆಯುವುದಿಲ್ಲ.

ನವೆಂಬರ್ 24

ನಾಲ್ಕು ದಿನ ಬರೆಯಲಿಲ್ಲ. ಹಾಳೆಯನ್ನು ಮಣೆಯ ಕೆಳಗೆ ಬಚ್ಚಿಟ್ಟಿದ್ದೆ.

ಇವತ್ತು ಅವನಿಗೆ ತೋರಿಸಿದೆ. ಓದಿದ. ಮತ್ತೆ ಓದಿದ. ಲೇಖನಿಯನ್ನು ಒರೆಸಿ ಪೆಟ್ಟಿಗೆಗೆ ಇಟ್ಟ, ಸಾಮಾನು ಕಟ್ಟುವವನ ಹಾಗೆ.

“ನಾನೇ ಹೋಗಿ ಪೆರ್ನೆಲಮ್ಮಂಗೆ ಹೇಳ್ತೀನಿ. ಹಿಂದಿನ ಕಾಲು ನಡುಗ್ತಾ ಇದೆ ಕಣೋ. ಕತ್ತೆ ಇನ್ನೆಷ್ಟು ದಿನ ನಿಂತೀತು?”

“ಮುಂದಿನ ಕಾಲು ಇನ್ನೂ ನೆಟ್ಟಗಿದೆ. ಸುಮ್ನೆ ಕೂತ್ಕೋ.”

ನಮ್ಮ ಕಸುಬಿನಲ್ಲಿ ಒಂದು ಹಳೇ ಉಪಾಯವಿದೆ. ಬಿಟ್ಟ ಸಾಲನ್ನು ಪುಟದ ಕೆಳಗೆ ಬರೆದು, ಅದಕ್ಕೆ ಹಗ್ಗ ಕಟ್ಟಿ ತಕ್ಕ ಜಾಗಕ್ಕೆ ಎಳೆಯುವ ಪುಟ್ಟ ಮನುಷ್ಯನನ್ನು ಬಿಡಿಸುವುದು. ತಪ್ಪನ್ನು ಮುಚ್ಚುವುದಿಲ್ಲ, ಮೆರವಣಿಗೆ ಮಾಡುತ್ತದೆ. ಗಾರಿನರು ನಗುವುದನ್ನು ಮಾತ್ರ ಈ ಊರಲ್ಲಿ ಯಾರೂ ಕಂಡಿಲ್ಲ.

ನವೆಂಬರ್ 27

ಆ ಒಂದು ಸಾಲು ಬರೆಯಲು ಅವನಿಗೆ ಇಡೀ ಬೆಳಗು ಹಿಡಿಯಿತು. ಅವನ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ, ಉಸಿರೂ ಬಿಡದೆ. ಅಕ್ಷರ ಸ್ವಲ್ಪ ಅಲುಗಿವೆ. ಅಲುಗಲಿ, ಹೊಡೆತ ತಿಂದ ಕತ್ತೆಯ ಮಾತು ತಾನೇ.

ಆಮೇಲೆ ನನ್ನ ಕುಂಚ. ಹಗ್ಗ ಎಳೆಯಲು ಮನುಷ್ಯನನ್ನು ಬಿಡಿಸಲಿಲ್ಲ. ಬೂದು ಕತ್ತೆ. ಹಗ್ಗ ಹಲ್ಲಿನಲ್ಲಿ, ಅಂಚಿನ ಬಳ್ಳಿಯ ಮೇಲೆ ಏರುತ್ತಿದೆ. ಕಂಬಳಿಯ ಕೆಳಗೆ ನಾಲ್ಕು ಮನುಷ್ಯಪಾದ, ಎರಡು ಜೊತೆ ಕೆಂಪು ಚರ್ಮದ ಚಡಾವು.

ಆಂಗೆರಾನ್ ಹತ್ತಿರ ಬಾಗಿ ನೋಡಿದ. ಹಿಂದಿನ ಎಡಗಾಲಿನ ಚಡಾವು ಆಗ ಹರಿದಿತ್ತು ಎಂದ. ಸಣ್ಣದೊಂದು ತೂತು ಹಾಕಿದೆ.

ನವೆಂಬರ್ 29, ಮಧ್ಯಾಹ್ನ

ಪೆರ್ನೆಲಮ್ಮ ಕಂಡಳು. ಬೈಯಲಿಲ್ಲ. ಕಿಟಕಿಯ ಬಳಿ ಒಯ್ದು ನಾಲ್ಕು ಪಾದವನ್ನೂ ಬೆರಳಿನಿಂದ ಎಣಿಸಿದಳು.

“ನಾನು ಕೊಂಡೊಯ್ಯಲ್ಲ. ನೀವೇ ಹೋಗಿ ತೋರಿಸ್ರಪ್ಪ. ಅವರು ಇಟ್ಕೊಂಡ್ರೆ ಮಣೆ ಇರುತ್ತೆ. ತಿರುಗಿ ಕಳಿಸಿದ್ರೆ ನನ್ನನ್ನ ಏನೂ ಕೇಳ್ಬೇಡಿ.”

ಊಟಕ್ಕೆ ಉಪ್ಪುಮೀನು, ಬಟಾಣಿ ಗಂಜಿ. ಆಂಗೆರಾನ್ ಮುಟ್ಟಲಿಲ್ಲ. ಪಾದ್ರಿಗಳ ಮುಂದೆ ತನ್ನ ನಾಲಿಗೆ ಏಳುವುದಿಲ್ಲ, ನೀನೇ ಮಾತಾಡು ಎಂದ. ನಾನು ಒಪ್ಪಲಿಲ್ಲ. ನಾನು ಬಾಯಿ ತೆರೆದರೆ ನಾಟಕ ಎಂದುಕೊಂಡಾರು. ಕೈ ಅವನದು, ನಲವತ್ತು ವರ್ಷ ಹೊತ್ತವನು ಅವನು.

ನಾಳೆ ಬೆಳಿಗ್ಗೆ, ಮೊದಲ ಪೂಜೆ ಮುಗಿದೊಡನೆ, ಹಾಳೆಯನ್ನು ನಾರುಬಟ್ಟೆಯಲ್ಲಿ ಸುತ್ತಿ ಗಾರಿನರ ಬಾಗಿಲಿಗೆ ಹೋಗುತ್ತೇವೆ. ಈ ಸಲ ಮುಂದಿನ ಕಾಲು ಅವನು. ನಾನು ಹಿಂದೆ ನಿಂತಿರುತ್ತೇನೆ, ಅವನ ಬೆನ್ನಿಗೆ ಅಂಟಿ. ಅವನಿಗೆ ಮಾತು ಮರೆತರೆ, ಸಣ್ಣ ದನಿಯಲ್ಲಿ, ಇರುವೆಯಷ್ಟು ಸಣ್ಣ—