ಭಾವನ ಸ್ವೆಟರ್

ಹವಾಮಾನ ಪಂಡಿತರೇ,

ನಾನು ಡ್ಯೂಟಿಗೆ ಹೊರಟೆ. ನಿಮ್ಮ ಪ್ರಯಾಣದ ಪೆಟ್ಟಿಗೆಯಲ್ಲಿ ನಾನಿಟ್ಟಿದ್ದ ಸ್ವೆಟರ್‌ಗಳನ್ನೆಲ್ಲ ಕಿತ್ತು ಹಾಕಿ ಅರ್ಧ ತೋಳಿನ ಅಂಗಿ ತುಂಬಿದ್ದೀರಿ. "ಇಲ್ಲಿಯ ಹಿಮ ಕಂಡವನಿಗೆ ಇಂಡಿಯಾದಲ್ಲಿ ಎಂಥಾ ಚಳಿ?" ಅಂತೆ! ನಿಮ್ಮಕ್ಕನ ಮನೆ ಇರೋದು ಉತ್ತರ ಭಾರತದಲ್ಲಿ ಕಣ್ರೀ. ಜನವರಿಯಲ್ಲಿ ಮಧ್ಯಾಹ್ನದವರೆಗೂ ಮಂಜು, ಮನೆಯಲ್ಲಿ ಹೀಟರ್ ಇಲ್ಲ, ನೆಲಕ್ಕೆ ಕಾಲಿಟ್ಟರೆ ಜೀವ ಹೋಗುತ್ತೆ.

ಹೋದ ಸಲವೂ ಹೀಗೇ ಜಂಬ ಕೊಚ್ಚಿಕೊಂಡು ಹೋದಿರಿ. ಭಾವನಿಗಿದ್ದ ಒಂದೇ ಸ್ವೆಟರ್ ಹಾಕಿಕೊಂಡು "ಆಹಾ, ಎಂಥ ಹವೆ!" ಅಂತ ಟೀ ಹೀರುತ್ತಾ ಕೂತಿರಿ. ಪಾಪ, ಆ ಮನುಷ್ಯ ಅಂಗಿಯೊಳಗೆ ಪೇಪರ್ ತುರುಕಿಕೊಂಡು ಸ್ಕೂಟರಲ್ಲಿ ಕೆಲಸಕ್ಕೆ ಹೋದರು.

ತೆಗೆದಿದ್ದನ್ನೆಲ್ಲ ವಾಪಸ್ ತುಂಬಿ. ಉಣ್ಣೆ ಟೋಪಿ, ಕಾಲುಚೀಲ ಮಂಚದ ಮೇಲಿವೆ. ನೀಲಿ ಸ್ವೆಟರ್ ಭಾವನಿಗೆ. ಬೇಕಂತಲೇ ನಿಮ್ಮ ಹೊಟ್ಟೆ ತೂರದ ಅಳತೆಯದು ತಂದಿದ್ದೀನಿ.