ತ್ರಿವೇಣಿ ಮೇಡಂ ಗಂಟಲಿಗೆ ಏನೂ ಆಗಿಲ್ಲ

ಭಾನುವಾರ, ಜನವರಿ 19. ಅಜ್ಜಂಪುರ, ಸಂಜೆ

ಸ್ಪೀಕರ್‌ಗಳನ್ನೆಲ್ಲ ನಮ್ಮ ಸೌಂಡ್ ಸರ್ವಿಸ್ ಓಮ್ನಿಗೆ ತುಂಬಿ ಆಯಿತು. ಅಣ್ಣ ತೀರ್ಥೇಶ್ ಎದುರು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾನೆ. ಕರೆದ. ಹೋಗಲಿಲ್ಲ. ಹೋದರೆ ಲೋಟ ಎಸೆಯುತ್ತೇನೆ.

ಬೆಳಿಗ್ಗೆ ನಾನೇ ಹೇಳಿದ್ದೆ — ತ್ರಿವೇಣಿ ಮೇಡಂಗೆ ಥೈರಾಯ್ಡ್ ಆಪರೇಶನ್ ಆಗಿದೆ, ಆಮೇಲೆ ಇದೇ ಮೊದಲ ಸಲ ಹಾಡುತ್ತಿದ್ದಾರೆ, ದನಿ ಮೆತ್ತಗಿದೆ, ಲೆವೆಲ್ ನೋಡಿಕೋ ಅಂತ. ಮೈಕ್ ಟೆಸ್ಟ್ ಹೊತ್ತಿಗೆ ಮೇಡಂ ನನಗೆ ಹೇಳಿದ್ದು, ನಾನು ಅವನಿಗೆ ಮಾತ್ರ ಹೇಳಿದ್ದು.

ಕಾರ್ಯಕ್ರಮದ ಹಾಲ್ ತುಂಬ ಸೀಲಿಂಗ್ ಫ್ಯಾನುಗಳು. ಆ ಗುಯ್ ಸದ್ದು ಮೈಕಿಗೆ ಬರುತ್ತಿತ್ತು. ಇವನು ಮಿಕ್ಸರ್ ಕನ್ಸೋಲ್‌ನಲ್ಲಿ ಗೇಟ್ ಹಾಕಿದ. ಡ್ರಮ್ಮಿಗೆ ಇಟ್ಟಿದ್ದ ಸೆಟ್ಟಿಂಗನ್ನೇ ಹಾಡುವವರ ಚಾನೆಲ್‌ಗೆ ಕಾಪಿ ಮಾಡಿದ. ಸದ್ದು ಜೋರಾಗಿದ್ದರೆ ಗೇಟ್ ತೆರೆಯುತ್ತದೆ, ಮೆತ್ತಗಾದರೆ ಮುಚ್ಚುತ್ತದೆ. ಫ್ಯಾನ್ ಸದ್ದು ಹೋಯಿತು, ನಿಜ. ಮೇಡಂ ದನಿ ಇಳಿಸಿದ ಕಡೆಯೆಲ್ಲ ಹಾಡೂ ಹೋಯಿತು.

ನಾನು ಸ್ಟೇಜ್ ಪಕ್ಕದಲ್ಲಿದ್ದೆ. ಬರಿಗಿವಿಗೆ ಅವರ ದನಿ ಪೂರ್ತಿ ಕೇಳುತ್ತಿತ್ತು. ಸ್ಪೀಕರಿನಲ್ಲಿ ಮಾತ್ರ ಪದಗಳ ಕೊನೆ ಇಲ್ಲ. ಅವರ ದನಿ ಅವರಿಗೇ ಕೇಳಲೆಂದು ಮುಂದಿಟ್ಟಿದ್ದ ಮಾನಿಟರ್‌ನಲ್ಲೂ ಹಾಗೇ. ಕತ್ತು ಮುಟ್ಟಿಕೊಂಡರು. ಇನ್ನೊಂದು ಸಾಲು ಹಾಡಿ ನೋಡಿದರು. ನಿಲ್ಲಿಸಿದರು. ನಾನು ಕನ್ಸೋಲ್ ಕಡೆ ಓಡಿದೆ. ಅಷ್ಟರಲ್ಲಿ ಇವನು ತನ್ನ ಮೈಕ್ ಎತ್ತಿಕೊಂಡು ಇಡೀ ಹಾಲ್‌ಗೆ — "ಮೇಡಂ ಅವ್ರಿಗೆ ಗಂಟಲು ಆಪರೇಶನ್ ಆಗಿದೆ, ದಯವಿಟ್ಟು ಎಲ್ರೂ ಸಹಕರಿಸಿ."

ಸಹಕರಿಸಬೇಕಂತೆ. ಅವರು ಮೈಕ್ ಕೆಳಗಿಟ್ಟು ಹೊರಟುಹೋದರು.

ಸೋಮವಾರ, 20. ಕಡೂರು

"ಮೇಡಂಗೆ ಫೋನ್ ಮಾಡಿ ಹೇಳು, ಗೇಟ್ ಹಾಕಿದ್ದು ನಂದೇ ತಪ್ಪು ಅಂತ" ಅಂದೆ ತೀರ್ಥೇಶನಿಗೆ.

"ಹೇಳಿದ್ರೆ ನಾಳೆಯಿಂದ ಯಾರ್ ಕರೀತಾರೆ ನಮ್ನ? ಗಂಟಲು ವೀಕ್ ಆಗಿರೋದು ಸುಳ್ಳಾ?"

"ನಾನ್ ಅಲ್ಲೇ ನಿಂತಿದ್ದೆ ಕಣೋ. ಪೂರ್ತಿ ಕೇಳ್ತಿತ್ತು."

"ನೀನು ಕೇಬಲ್ ನೋಡ್ಕೋ ಸ್ಪಂದನಾ."

ಕೇಬಲ್ ನೋಡಿಕೋಬೇಕು ನಾನು. ಮ್ಯಾನ್ಯುಯಲ್ ಪೂರ್ತಿ ಓದಿದವಳು ನಾನು. ಯಾವುದೋ ವಿಡಿಯೋ ನೋಡಿ ಕನ್ಸೋಲ್ ಮುಂದೆ ಕೂತವನು ಇವನು...

ಬುಧವಾರ, 22

ಸಖರಾಯಪಟ್ಟಣದ ಮೇಡಂ ಮನೆಗೆ ಬಸ್ಸಿನಲ್ಲಿ ಹೋಗಿಬಂದೆ. ಬಾಗಿಲು ತೆರೆದದ್ದು ಮೇಡಂ ಅವರ ತಾಯಿ ಲಿಂಗಮ್ಮ. "ಮನೇಲೂ ಮಾತಿಲ್ಲ ಕಣಮ್ಮ. ಸ್ಕೂಲಲ್ಲಿ ಮಕ್ಕಳಿಗೆ ಹಾಡು ಹೇಳ್ಕೊಡೋದನ್ನೂ ಬಿಟ್ಬಿಟ್ಲು."

ಮೇಡಂ ಬಂದರು. ಪಿಸುಮಾತು.

"ನಿಮ್ಮ ಗಂಟಲಿಗೆ ಏನೂ ಆಗಿಲ್ಲ ಮೇಡಂ. ಅದು ನಮ್ಮ ಮಿಕ್ಸರ್ ತಪ್ಪು."

ನಕ್ಕರು. "ಸಮಾಧಾನ ಹೇಳೋಕೆ ಅಲ್ಲಿಂದ ಬಂದ್ರಾ? ನನ್ ಕಿವೀಲೇ ಕೇಳ್ದೆನಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ. ತೀರ್ಥೇಶ್ ಮೈಕಲ್ಲಿ ಆಡಿದ ಒಂದು ಮಾತು ಒಳಗೆ ಹೋಗಿ ಕೂತುಬಿಟ್ಟಿದೆ.

ಶನಿವಾರ, 25

ತೀರ್ಥೇಶ್ ಹೆಂಡತಿ ಊರಿಗೆ ಹೋದ. ನಾನು ಅವನನ್ನು ಕೇಳಲಿಲ್ಲ, ಹೇಳಲಿಲ್ಲ. ಕನ್ಸೋಲ್, ಒಂದು ಸ್ಪೀಕರ್, ಒಂದು ಮೈಕ್ ಓಮ್ನಿಗೆ ಹಾಕಿಕೊಂಡು ಹೊರಟೆ.

ಮೇಡಂ ಮನೆಯ ನಡುಮನೆಯಲ್ಲೇ ಜೋಡಿಸಿದೆ. ಫ್ಯಾನ್ ಫುಲ್ ಸ್ಪೀಡಿಗಿಟ್ಟೆ. ಅವತ್ತಿನ ಗೇಟನ್ನೇ ಹಾಕಿದೆ. "ಒಂದು ಸಾಲು ಹಾಡಿ ಮೇಡಂ." ಹಾಡಿದರು. ಅದೇ — ಪದದ ಕೊನೆ ಮಾಯ. ಮುಖ ಕಪ್ಪಿಟ್ಟಿತು.

"ಈಗ ಇದೇ ಮೈಕಲ್ಲಿ ನೀವ್ ಮಾತಾಡಿ ಅಮ್ಮ" ಅಂದೆ ಲಿಂಗಮ್ಮನಿಗೆ. ಆಯಮ್ಮ ನಾಚಿಕೊಂಡು, "ಏನಂತ ಮಾತಾಡ್ಲಿ" ಅಂದರು. 'ಏನ' ಮಾತ್ರ ಬಂತು.

ಮೇಡಂ ಎದ್ದು ನಿಂತರು.

ಗೇಟ್ ತೆಗೆದೆ. ಹಾಡು ಪೂರ್ತಿ ಬಂತು, ಫ್ಯಾನ್ ಸಮೇತ. ಆಮೇಲೆ ಎಕ್ಸ್‌ಪ್ಯಾಂಡರ್ — ಅದು ಬಾಗಿಲು ಮುಚ್ಚುವುದಿಲ್ಲ, ಮೆತ್ತಗಿನ ಸದ್ದನ್ನು ಇನ್ನೂ ಸ್ವಲ್ಪ ಇಳಿಸುತ್ತದೆ, ಅಷ್ಟೇ. ಹೊಂದಿಸಿದೆ. ಫ್ಯಾನ್ ಹಿಂದೆ ಸರಿಯಿತು. ಪದಗಳ ಕೊನೆ ಪೂರ್ತಿ ಕೇಳಿಸಿತು.

ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಮೈಕ್ ನನ್ನ ಕೈಗಿಟ್ಟು, ಪಿಸುಮಾತಲ್ಲ, ಗಟ್ಟಿಯಾಗೇ ಕೇಳಿದರು — "ಆಪರೇಶನ್ ವಿಷಯ ಅವ್ನಿಗೆ ಹೇಳಿದ್ದು ಯಾರು?"

"ನಾನೇ ಮೇಡಂ. ಲೆವೆಲ್ ನೋಡ್ಕೊಳ್ಳಲಿ ಅಂತ."

"ಶಾಲೇಲಿ ಯಾರಿಗೂ ಹೇಳಿರ್ಲಿಲ್ಲ ನಾನು. ಈಗ ಅಜ್ಜಂಪುರಕ್ಕೆಲ್ಲಾ ಗೊತ್ತು."

ಕೇಬಲ್ ಸುತ್ತತೊಡಗಿದೆ.

ಮಂಗಳವಾರ, 28

ಕನ್ಸೋಲ್ ಒಯ್ದದ್ದು ಗೊತ್ತಾಗಿ ತೀರ್ಥೇಶ್ ಕೂಗಾಡಿದ. ನಾನೂ ಕೂಗಾಡಿದೆ. ಮಾತು ಬಿಟ್ಟಾಯಿತು.

ಸಂಜೆ ತರೀಕೆರೆ ಕಾರ್ಯಕ್ರಮದವರ ಫೋನ್. ತ್ರಿವೇಣಿ ಮೇಡಂ ಹಾಡಲು ಒಪ್ಪಿದ್ದಾರಂತೆ, ಮಿಕ್ಸರ್ ಮುಂದೆ ಸ್ಪಂದನಾ ಕೂತರೆ ಮಾತ್ರ. ತೀರ್ಥೇಶ್ ಫೋನನ್ನು ನನ್ನ ಮುಂದೆ ಕುಕ್ಕಿದ.

ಭಾನುವಾರ, ಫೆಬ್ರವರಿ 2. ತರೀಕೆರೆ, ಮಧ್ಯಾಹ್ನ

ಊಟದ ಬಿಡುವು. ಬೇಗ ಬರೆದಿಡುತ್ತೇನೆ.

ಮೇಡಂ ಸ್ಟೇಜ್ ಹತ್ತಿದರು. ಹಾಡಲಿಲ್ಲ. "ಅಜ್ಜಂಪುರದಲ್ಲಿ ನನ್ನ ಗಂಟಲಿನ ಬಗ್ಗೆ ಮೈಕಲ್ಲಿ ಹೇಳಿದವ್ರು ಇಲ್ಲೇ ಇದ್ದಾರೆ. ಏನಾಗಿತ್ತು ಅಂತ ಅವ್ರೇ ಬಂದು ಹೇಳ್ಲಿ. ಆಮೇಲೆ ಹಾಡ್ತೀನಿ."

ಹಾಲ್ ತಿರುಗಿ ನೋಡಿತು. ತೀರ್ಥೇಶ್ ಹೋಗಲೇಬೇಕಾಯಿತು.

"ಅವತ್ತು ಮಿಷನ್ ಪ್ರಾಬ್ಲಮ್ ಆಗಿತ್ತು" ಅಂದ.

"ಮಿಷನ್ ಮೇಲೆ ಕೈ ಯಾರ್ದಿತ್ತು ತೀರ್ಥೇಶ್?" ಮೇಡಂ ಕೇಳಿದರು.

ನೆಲ ನೋಡಿದ. "ನಂದೇ. ಮೇಡಂ ಗಂಟಲಿಗೆ ಏನೂ ಆಗಿರ್ಲಿಲ್ಲ."

ಹಾಡಿದರು. ದನಿ ಮೊದಲಿಗಿಂತ ತೆಳುವಾಗಿದೆ, ಸುಳ್ಳು ಬರೆಯುವುದಿಲ್ಲ. ಆದರೆ ಒಂದಕ್ಷರವೂ ಎಲ್ಲೂ ಕಳೆಯಲಿಲ್ಲ. ಮುಗಿಸಿ ಇಳಿಯುವಾಗ ನನ್ನ ಕಡೆ ತಿರುಗಿ ತಲೆಯಾಡಿಸಿದರು. ನಗಲಿಲ್ಲ.

ಆಮೇಲೆ ಇವನು ಬಂದು ಹಿಂದೆ ನಿಂತ. "ಮನೆ ಮಾತು ಮನೇಲಿರ್ಬೇಕಿತ್ತು."

"ಆಪರೇಶನ್ ಅವ್ರ ಮನೆ ಮಾತಲ್ವಾ?" ಅಂದೆ.

ಎರಡು ಎಲೆ ಹಾಕಿಸಿದ್ದೀನಿ, ಬಾ ಅಂದ. ಹಸಿವಾಗಿದೆ. ಸಿಟ್ಟು ಇಳಿದಿಲ್ಲ. ಊಟದ ಮನೆ ಬಾಗಿಲಲ್ಲೇ ನಿಂತಿದ್ದಾನೆ, ನಾನು ಬರುವವರೆಗೂ ಕೂರುವುದಿಲ್ಲವಂತೆ. ನಿಂತಿರಲಿ. ಇನ್ನೂ ಸ್ವಲ್ಪ ಹೊತ್ತು ಹಾಗೇ —